ಟೋನಿಯ ಎದೆ, ನನ್ನ ಎದೆ

12 ಮಾರ್ಚ್ 2024, ಮಂಗಳವಾರ
ತಿಪಟೂರು

ಇವತ್ತು ಬೆಂಗಳೂರಿಗೆ ಹೋಗಿ, ಹೃದಯಕ್ಕೆ ಬಡಿತ ಕೊಡುವ ಪೇಸ್‌ಮೇಕರ್ ಚೆಕ್ ಮಾಡಿಸಿಕೊಂಡು ಬಂದೆ. ಮಂಚದ ಮೇಲೆ ಮಲಗಿಸಿ, ಎಡಗಡೆ ಕಾಲರ್ ಬೋನ್ ಕೆಳಗೆ, ಚರ್ಮದ ಒಳಗೆ ಉಬ್ಬಿರುವ ಡಬ್ಬಿಯ ಮೇಲೆ ಒಂದು ಸಾಧನ ಇಡುತ್ತಾರೆ. ಮಿಕ್ಕಿದ್ದೆಲ್ಲ ಕಂಪ್ಯೂಟರ್ ಪರದೆಯಲ್ಲಿ ಕಾಣುತ್ತದೆ. ಬ್ಯಾಟರಿ ಎಷ್ಟಿದೆ, ತಂತಿ ಸರಿಯಿದೆಯಾ, ಎಷ್ಟು ಬಡಿತ ನನ್ನದು, ಎಷ್ಟು ಅದರದು. ನನ್ನ ವಿಷಯದಲ್ಲಿ ನೂರಕ್ಕೆ 99 ಬಡಿತ ಅದರದೇ.

ಆಮೇಲೆ ಟೆಕ್ನಿಷಿಯನ್ ಹುಡುಗಿ, "ಅಂಕಲ್, ಈಗ ಸ್ವಲ್ಪ ನಿಧಾನ ಮಾಡ್ತೀನಿ. ತಲೆ ಸುತ್ತಿದ್ರೆ ತಕ್ಷಣ ಹೇಳಿ" ಅಂದಳು. ಯಂತ್ರ ಹಿಂದೆ ಸರಿದರೆ ಹೃದಯ ತಾನಾಗಿ ಬಡಿಯುತ್ತದಾ ಅಂತ ನೋಡುವ ಪರೀಕ್ಷೆ ಇದು. 60 ಇದ್ದದ್ದು 50 ಆಯಿತು, 40 ಆಯಿತು, 30ಕ್ಕೆ ಇಳಿಯಿತು. ಕೋಣೆಯ ಸದ್ದು ದೂರ ಹೋಯಿತು. ತುಟಿ ತಣ್ಣಗಾಯಿತು. ಒಂದು ಬಡಿತ ಆದಮೇಲೆ ಇನ್ನೊಂದು ಬರುವವರೆಗೆ ಕಾಯುತ್ತಾ ಮಲಗಿದ್ದೆ. "ಸಾಕಮ್ಮ" ಅಂದೆ. ಅವಳು ಬಟನ್ ಒತ್ತಿದಳು. ಮುಖಕ್ಕೆ ಬೆಚ್ಚಗೆ ರಕ್ತ ಏರಿತು.

ಆ ಹೊತ್ತಿನಲ್ಲಿ ಕಣ್ಣ ಮುಂದೆ ಬಂದವನು ಟೋನಿ ಸ್ಟಾರ್ಕ್. ಹಾಲಿವುಡ್ ಸಿನಿಮಾದಲ್ಲಿ ಲೋಹದ ಕವಚ ತೊಟ್ಟು ಹಾರುವ ನಮ್ಮ ಐರನ್ ಮ್ಯಾನ್. 2008ರ ಮೊದಲ ಸಿನಿಮಾದಲ್ಲಿ ಅವನ ಎದೆಯಿಂದ, ಅವನ ಜೀವ ಹಿಡಿದಿಟ್ಟಿರುವ ಆ ಹೊಳೆಯುವ ರಿಯಾಕ್ಟರನ್ನು ಕಿತ್ತುಕೊಂಡು ಹೋಗುತ್ತಾರಲ್ಲ, ಅದು. ಬೆವರುತ್ತಾ, ತೆವಳುತ್ತಾ ತನ್ನ ವರ್ಕ್‌ಶಾಪ್‌ಗೆ ಬರುತ್ತಾನೆ. ಹಳೇ ರಿಯಾಕ್ಟರ್ ಮೇಜಿನ ಮೇಲಿದೆ, ಕೈ ಎಟುಕುವುದಿಲ್ಲ. ಜನ ಆ ಸಿನಿಮಾದಲ್ಲಿ ಅವನು ಹಾರುವುದನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ನೆನಪಿರುವುದು ಎಟುಕದ ಆ ಕೈ.

ಈ ಸಿನಿಮಾ ನಾನು ನೋಡಿದ್ದು ತುಂಬಾ ತಡವಾಗಿ. 2022ರಲ್ಲಿ ನನ್ನ ಮೊದಲ ಪೇಸ್‌ಮೇಕರ್‌ನ ಬ್ಯಾಟರಿ ಮುಗಿಯಿತು. ಬ್ಯಾಟರಿ ಮಾತ್ರ ಬದಲಾಯಿಸೋಕೆ ಆಗಲ್ಲ, ಇಡೀ ಡಬ್ಬಿಯನ್ನೇ ತೆಗೆದು ಹೊಸದು ಇಡಬೇಕು. ಹೃದಯದೊಳಗೆ ಇಳಿದಿರುವ ತಂತಿಗಳು ಚೆನ್ನಾಗಿದ್ದರೆ ಹಾಗೇ ಬಿಡುತ್ತಾರೆ. ಜಾಗ ಮರಗಟ್ಟಿಸಿದ್ದರು ಅಷ್ಟೇ, ನನಗೆ ಎಚ್ಚರ ಇತ್ತು. "ತಂತಿಯನ್ನು ಹಳೇ ಡಬ್ಬಿಯಿಂದ ಬಿಚ್ಚಿ ಹೊಸದಕ್ಕೆ ಹಾಕುವಾಗ ಒಂದೆರಡು ಕ್ಷಣ ಕತ್ತಲೆ ಬರಬಹುದು" ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಬಂತು. ಹೋಯಿತು. ಮನೆಗೆ ಬಂದು ಮಲಗಿದ್ದಾಗ ಮಗ ಲ್ಯಾಪ್‌ಟಾಪ್ ತಂದು ಹೊಟ್ಟೆ ಮೇಲಿಟ್ಟ. "ನೋಡಪ್ಪಾ, ಇದು ನಿನ್ನ ಕಥೆನೇ."

ಅದರಲ್ಲಿ ಪೆಪ್ಪರ್ ಅನ್ನುವ ಹೆಣ್ಣುಮಗಳು ಟೋನಿಯ ಎದೆಯೊಳಗೆ ಕೈ ಹಾಕಿ ಹಳೇ ರಿಯಾಕ್ಟರ್ ತೆಗೆದು ಹೊಸದು ಕೂರಿಸಬೇಕು. ಅವಳ ಕೈ ನಡುಗುತ್ತದೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಆಪರೇಷನ್ ಫಾರಂಗೆ ಸಹಿ ಹಾಕಿದ್ದು ಅವಳು. ಆಚೆ ಕುರ್ಚಿಯ ಮೇಲೆ ಕೂತು ಕಾದವಳೂ ಅವಳೇ. ಏನೂ ಮಾತಾಡಲಿಲ್ಲ. ಸುಮ್ನೆ ನನ್ನ ಕಾಲ ಮೇಲೆ ಒಂದು ಕೈ ಇಟ್ಟಳು.

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ತೆಂಗಿನ ಸೀಮೆ, ಬೋರ್‌ವೆಲ್ ಇಲ್ಲದ ತೋಟ ಇಲ್ಲ, ಸುಟ್ಟ ಮೋಟರ್‌ಗೆ ಬರವಿಲ್ಲ. ಹಾಗಾಗಿ ಅಪಹರಣಕಾರರ ಗುಹೆಯೊಳಗೆ ಟೋನಿ ಎದ್ದು ಎದೆಯ ಬ್ಯಾಂಡೇಜ್ ಸರಿಸಿ ನೋಡುವ ದೃಶ್ಯ ನನಗೆ ಬೇರೆಯವರಿಗಿಂತ ಜಾಸ್ತಿ ಅರ್ಥವಾಯಿತು ಅನ್ಸುತ್ತೆ. ಎದೆಯಲ್ಲಿ ಒಂದು ವಿದ್ಯುತ್ ಅಯಸ್ಕಾಂತ, ಅದರಿಂದ ಹೊರಟ ವೈರ್ ಕಾರ್ ಬ್ಯಾಟರಿಗೆ. ಸಿಡಿದ ಲೋಹದ ಚೂರುಗಳು ಹೃದಯಕ್ಕೆ ಹೋಗದಂತೆ ಅದು ಹಿಡಿದಿಟ್ಟಿದೆ. ಆ ಕಾರ್ ಬ್ಯಾಟರಿಯ ಬದಲಿಗೆ ಆಮೇಲೆ ಅವನು ಮಾಡಿಕೊಂಡದ್ದೇ ರಿಯಾಕ್ಟರ್. ಕಾಯಿಲ್, ಕರೆಂಟು, ಎಳೆತ. ದಿನಾ ನಾನು ಮಾಡುವ ಕೆಲಸ ಅದೇ ಅಲ್ವಾ!

ಕರೆಂಟು ನನ್ನನ್ನು ಒಂದು ಸಲ ಹಿಡಿದೇ ಬಿಟ್ಟಿತ್ತು. 1998, ನನಗೆ 22. ಮಳೆ ನಿಂತ ಮೇಲೆ ಒಂದು ತೋಟದಲ್ಲಿ ಸ್ಟಾರ್ಟರ್ ಡಬ್ಬಿ ಬಿಚ್ಚುತ್ತಿದ್ದೆ. ಲೈನ್ ತೆಗೆದಿದ್ದಾರೆ ಅಂದುಕೊಂಡಿದ್ದೆ. ಕೈ ಅಂಟಿಕೊಂಡಿತು. ಕೂಗೋಣ ಅಂದರೆ ದವಡೆ ಬಿಡುತ್ತಿಲ್ಲ. ತೋಟ ಕಾಯುತ್ತಿದ್ದ ಅಜ್ಜ ಒಣ ಬಿದಿರ ಗಳ ತಂದು ನನ್ನ ಮುಂಗೈಗೆ ಬಾರಿಸಿದರು. ಮೂಳೆ ಬಿರುಕು ಬಿಟ್ಟಿತು. ನಾನು ಉಳಿದೆ.

ಎರಡನೇ ಸಲ ಸಾವಿನ ಹತ್ತಿರ ಹೋದದ್ದು 2012ರಲ್ಲಿ. ಆರು ತಿಂಗಳಿಂದ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು. ತೋರಿಸಿದ ಕಡೆ ಪಿತ್ತ ಅಂದರು, ಗ್ಯಾಸ್ ಅಂದರು. ಅರಸೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ನಿಂತಲ್ಲೇ ಕುಸಿದೆ. ಎಚ್ಚರ ಬಂದಾಗ ನನ್ನ ತಲೆ ಕಂಡಕ್ಟರ್ ತೊಡೆ ಮೇಲಿತ್ತು. ಚಿಲ್ಲರೆ ತುಂಬಿದ ಅವರ ಚರ್ಮದ ಚೀಲ ನನ್ನ ಕಿವಿಗೆ ಒತ್ತುತ್ತಿತ್ತು. ಬಸ್ಸನ್ನು ಎಲ್ಲೂ ನಿಲ್ಲಿಸದೆ, ಅಷ್ಟೂ ಜನರ ಸಮೇತ, ನೇರ ಆಸ್ಪತ್ರೆ ಗೇಟಿಗೆ ತಂದರು. ನಾಡಿ 32 ಇತ್ತಂತೆ.

ಹಾರ್ಟ್ ಬ್ಲಾಕ್ ಅಂದರೆ ಎಲ್ಲರೂ ರಕ್ತನಾಳ ಕಟ್ಟಿಕೊಂಡಿದೆ ಅಂದುಕೊಳ್ಳುತ್ತಾರೆ. ನನಗೆ ಪೈಪ್ ಚೆನ್ನಾಗಿತ್ತು, ವೈರಿಂಗ್ ಹೋಗಿತ್ತು. ಹೃದಯದ ಮೇಲಿನ ಕೋಣೆಯಿಂದ ಹೊರಟ ಸಿಗ್ನಲ್ ಕೆಳಗಿನ ಕೋಣೆಗೆ ಇಳಿಯುತ್ತಿರಲಿಲ್ಲ.

ಸಿನಿಮಾ ನೋಡಿದ ಮೇಲೆ ಮಗನ ಹತ್ತಿರ ಕೇಳಿ ಕೇಳಿ ತಿಳಿದುಕೊಂಡೆ. ಐರನ್ ಮ್ಯಾನ್ ಮೊದಲು ಬಂದದ್ದು 1963ರಲ್ಲಿ, ಕಾಮಿಕ್ಸ್‌ನಲ್ಲಿ. ಆಗಿನ ಕಥೆಗಳಲ್ಲಿ ಅವನು ಎದೆಯ ಕವಚಕ್ಕೆ ಗೋಡೆಯ ಸಾಕೆಟ್‌ನಿಂದ ಚಾರ್ಜ್ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಐದು ವರ್ಷ ಮುಂಚೆ, 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬಾತನ ಮೈಯೊಳಗೆ ಪ್ರಪಂಚದಲ್ಲೇ ಮೊದಲ ಸಲ ಪೇಸ್‌ಮೇಕರ್ ಇಟ್ಟಿದ್ದರು. ಅವನದೂ ನನ್ನ ಥರದ್ದೇ ತೊಂದರೆ, ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪುತ್ತಿತ್ತು. ಅವನ ಹೆಂಡತಿ ಎಲ್ಸೆ ಮರಿ ಡಾಕ್ಟರ್ ಸೆನ್ನಿಂಗ್ ಮತ್ತು ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಬೆನ್ನು ಬಿಡದೆ ಮಾಡಿಸಿದಳು. ಎಲ್ಮ್‌ಕ್ವಿಸ್ಟ್ ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎಪಾಕ್ಸಿ ಹೊಯ್ದಿದ್ದನಂತೆ. ಅದನ್ನು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಅಂಗಡಿಗಳಲ್ಲೂ ಕೆಲಸ ನಡೆಯುವುದು ಹೀಗೇ. ಮೊದಲನೇದು ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ ಒಂದಾದ ಮೇಲೊಂದು 26 ಪೇಸ್‌ಮೇಕರ್ ಹಾಕಿಸಿಕೊಂಡು 2001ರವರೆಗೆ ಬದುಕಿದ. 86 ವರ್ಷ! ನನ್ನದು ಈಗ ಎರಡನೇದು.

ಟೋನಿಗೂ ನನಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವನು ಎದೆಯಲ್ಲಿ ರಿಯಾಕ್ಟರ್ ಇಟ್ಟುಕೊಂಡೇ ವೆಲ್ಡಿಂಗ್ ಮಾಡುತ್ತಾನೆ. ನನಗೆ ಆರ್ಕ್ ವೆಲ್ಡಿಂಗ್ ಬೇಡವೇ ಬೇಡ ಅಂದಿದ್ದಾರೆ. ಅದರ ಕರೆಂಟಿನಿಂದ ಪೇಸ್‌ಮೇಕರ್‌ಗೆ ಗೊಂದಲ ಆಗಬಹುದು. ಅಂಗಡಿಯ ಹುಡುಗ ಹೋಲ್ಡರ್ ಎತ್ತಿಕೊಂಡ ಕೂಡಲೇ ನಾನು ರಸ್ತೆಗೆ ಬರುತ್ತೇನೆ. ಮೊದಮೊದಲು ಬಹಳ ಸಂಕಟ ಆಗುತ್ತಿತ್ತು, ಕೈಯಲ್ಲಿದ್ದ ವಿದ್ಯೆ ಅದು. ಫೋನನ್ನು ಎಡಗಡೆ ಜೇಬಿಗೆ ಹಾಕಿದರೆ ಸಾಕು, ಅಡುಗೆಮನೆಯಿಂದಲೇ "ರೀ, ಆ ಕಡೆ ಬೇಡ" ಅಂತ ಕೂಗು ಬರುತ್ತದೆ.

ಇವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಯೋಚಿಸುತ್ತಿದ್ದೆ. ಟೋನಿ ಎಷ್ಟು ಸಲ ಸಾಯುವ ಅಂಚಿಗೆ ಹೋದ! ಒಂದು ಸಲವೂ ತಾನೊಬ್ಬನೇ ಹಿಂದೆ ಬರಲಿಲ್ಲ. ಗುಹೆಯಲ್ಲಿ ಯಿನ್ಸೆನ್ ಅನ್ನುವ ಡಾಕ್ಟರ್ ಇದ್ದ. ಟೋನಿಗೆ ಸಮಯ ಸಿಗಲಿ ಅಂತ ತಾನೇ ಗುಂಡಿಗೆ ಎದೆ ಕೊಟ್ಟ. ಆಮೇಲೆ ಪೆಪ್ಪರ್ ಇದ್ದಳು. ಹಳೇ ರಿಯಾಕ್ಟರ್ ಬಿಸಾಡು ಅಂದರೂ ಬಿಸಾಡದೆ ಗಾಜಿನಲ್ಲಿ ಇಟ್ಟವಳು ಅವಳೇ. ಕೈ ಎಟುಕದಿದ್ದಾಗ ಅದನ್ನು ಎತ್ತಿ ಕೊಟ್ಟದ್ದು ಅವನು ದಿನಾ ಬೈಯುತ್ತಿದ್ದ ಪೆದ್ದು ರೋಬೋಟ್.

ಆ ಕಂಡಕ್ಟರ್ ಹೆಸರು ನನಗೆ ಗೊತ್ತಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಡಿಪೋದಲ್ಲಿ ವಿಚಾರಿಸಿದೆ, ಸಿಗಲಿಲ್ಲ. 12 ವರ್ಷದಿಂದ ಬಸ್ ಹತ್ತಿದಾಗಲೆಲ್ಲ ಮೊದಲು ಕಂಡಕ್ಟರ್ ಮುಖ ನೋಡುತ್ತೇನೆ. ಇವತ್ತೂ ನೋಡಿದೆ, ಚಿಕ್ಕ ವಯಸ್ಸಿನ ಹುಡುಗ.

ಬಿದಿರ ಗಳದ ಅಜ್ಜ ತೀರಿಕೊಂಡು ಬಹಳ ವರ್ಷ ಆಯಿತು. ಅವರ ಮೊಮ್ಮಗನ ಬೋರ್ ಮೋಟರ್ ಮೊನ್ನೆ ಸುಟ್ಟಿದೆ, ನನ್ನ ಹತ್ತಿರವೇ ತಂದಿದ್ದಾನೆ. ಈ ವರ್ಷ ಬರ, ಸಸಿಗಳು ಬಾಡುತ್ತಿವೆ. ಬ್ಯಾಟರಿ ಇನ್ನೂ ಎಂಟು ವರ್ಷ ಬರುತ್ತದೆ ಅಂದಿದ್ದಾಳೆ ಆ ಹುಡುಗಿ. ಮನೆಗೂ ಹೋಗದೆ ಬಸ್‌ಸ್ಟ್ಯಾಂಡಿನಿಂದ ಸೀದಾ ಅಂಗಡಿಗೆ ಬಂದು ಕಾಯಿಲ್ ಮುಟ್ಟಿ ನೋಡಿದೆ. ಇನ್ನೊಂದು ಸ್ವಲ್ಪ ಕೆಲಸ ಉಳಿದಿದೆ. ಬೆಳಗ್ಗೆ ಏಳಕ್ಕೆಲ್ಲ ಅವನು ಗಾಡಿ ತರುತ್ತಾನೆ.