ಒಂದು ಮುಷ್ಟಿ, ಒಂದು ಹೆಬ್ಬೆರಳು

ಖಗೋಳ ವಿಜ್ಞಾನ ಓದಿದ ವರ್ಷ ನಾನು ನಕ್ಷತ್ರ ನೋಡಿದ್ದು ತುಂಬಾ ಕಡಿಮೆ. ಪಾಠ ಶುರುವಾಗಿದ್ದು ಜುಲೈನಲ್ಲಿ, ಟೆಸ್ಟ್ ಇದ್ದದ್ದು ಸೆಪ್ಟೆಂಬರಿನಲ್ಲಿ. ಆ ತಿಂಗಳುಗಳಲ್ಲಿ ಮಡಿಕೇರಿಯಲ್ಲಿ ಎದುರು ಮನೆಯ ಬಲ್ಬು ಕಂಡರೇ ಪುಣ್ಯ.

2017ರ ಮಾತು. ನಾನು ಸೋಮವಾರಪೇಟೆ ಕಡೆಯವನು, ರೂಮಿನಲ್ಲಿದ್ದ ಗೆಳೆಯ ಕಕ್ಕಬ್ಬೆಯವನು. ಅವನನ್ನು ಇಡೀ ಕ್ಲಾಸು ಕಕ್ಕಬ್ಬೆ ಅಂತಲೇ ಕರೆಯುತ್ತಿತ್ತು. ಫಿಸಿಕ್ಸ್ ಜೊತೆಗೆ ಖಗೋಳ ಪರಿಚಯದ ಒಂದು ಸಣ್ಣ ಪೇಪರ್ ಇತ್ತು. "ಅದು ಸುಲಭ ಕಣೋ, ಸುಮ್ನೆ ಒಂದ್ಸಲ ಓದಿದ್ರೆ ಸಾಕು" ಅಂತ ಸೀನಿಯರ್‌ಗಳು ಹೇಳಿದ್ದರು. ನಂಬಿದೆವು.

ಪುಸ್ತಕದ ಎರಡನೇ ಪಾಠಕ್ಕೇ ತಲೆ ಕೆಟ್ಟಿತು. ಖಗೋಳ ಗೋಲ, ಧ್ರುವ, ವಿಷುವದ್‌ವೃತ್ತ, ಕ್ರಾಂತಿವೃತ್ತ. ಚಿತ್ರದಲ್ಲಿ ಒಂದು ಚೆಂಡಿನ ಸುತ್ತ ನಾಲ್ಕು ಗೆರೆ. ಆ ಚೆಂಡಿನ ಒಳಗೆ ನಾವಿದ್ದೇವೆ ಅಂದರೆ ನಂಬುವುದು ಹೇಗೆ? ಹೊರಗೆ ಹೋಗಿ ನೋಡೋಣ ಅಂದರೆ ಮಂಜು.

ಆಮೇಲೊಂದು ದಿನ ನಮ್ಮ ಸರ್ ಕ್ಲಾಸಿಗೆ ಬಂದವರು ಒದ್ದೆ ಕೊಡೆಯನ್ನು ಮೂಲೆಯಲ್ಲಿ ಬಿಡಿಸಿಟ್ಟರು. ಮಳೆಗಾಲದಲ್ಲಿ ಎಲ್ಲರೂ ಹಾಗೆ ಇಡುವುದೇ. ಪಾಠ ಅರ್ಧ ಆಗಿತ್ತು, ಯಾರಿಗೂ ಏನೂ ತಿಳಿದಿರಲಿಲ್ಲ. ಸರ್ ಹೋಗಿ ಅದೇ ಕೊಡೆ ಎತ್ತಿಕೊಂಡು ಬಂದರು. ಉದ್ದ ಕೋಲಿನ ಕಪ್ಪು ಕೊಡೆ.

"ಕಡ್ಡಿ ಎಷ್ಟಿವೆ?"

"ಎಂಟು ಸರ್."

"24 ಗಂಟೆಯನ್ನು ಎಂಟು ಭಾಗ ಮಾಡಿ."

"ಮೂರು."

"ಹಾಗಾದ್ರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ 3 ಗಂಟೆ. ಆಕಾಶ ಇಷ್ಟೇ ಮಾರಾಯ್ರೆ."

ಬಟ್ಟೆಯ ಒಳಗೆ ಚಾಕ್‌ಪೀಸಿನಲ್ಲಿ ಸಪ್ತರ್ಷಿ ಮಂಡಲದ ಏಳು ಚುಕ್ಕಿ ಇಟ್ಟರು. ಮೊನೆಯನ್ನು ಉತ್ತರದ ಕಿಟಕಿಯ ಕಡೆ ಮಾಡಿದರು. ಮೊನೆಯೇ ಧ್ರುವ. ಮಡಿಕೇರಿ ಇರುವುದು ಸುಮಾರು 12 ಡಿಗ್ರಿ 25 ನಿಮಿಷ ಉತ್ತರ ಅಕ್ಷಾಂಶದಲ್ಲಿ. ಊರಿನ ಅಕ್ಷಾಂಶ ಎಷ್ಟೋ ದಿಗಂತದಿಂದ ಧ್ರುವದ ಎತ್ತರವೂ ಅಷ್ಟೇ. ಹಾಗಾಗಿ ಕೊಡೆ ಹೆಚ್ಚುಕಡಿಮೆ ಮಲಗಿಕೊಂಡೇ ಇತ್ತು. ಅದನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಿಧಾನ ತಿರುಗಿಸಿದರು. ಸಪ್ತರ್ಷಿಗಳು ಬಲಗಡೆ ಮೇಲೆದ್ದು, ನೆತ್ತಿ ದಾಟಿ, ಎಡಗಡೆ ಮೇಜಿನ ಕೆಳಗೆ ಇಳಿದುಹೋದರು.

"ಸಪ್ತರ್ಷಿ ಮುಳುಗೋದೇ ಇಲ್ಲ ಅಂತ ಪುಸ್ತಕದಲ್ಲಿದೆ ಸರ್" ಅಂದೆ.

"ಅದು ಲಂಡನ್ನಿನವರಿಗೆ. ನಮ್ಮಲ್ಲಿ ಮುಳುಗ್ತದೆ. ಬದಲಿಗೆ ನಮಗೆ ಅಗಸ್ತ್ಯ ಇದ್ದಾನೆ, ಚಳಿಗಾಲದಲ್ಲಿ ದಕ್ಷಿಣಕ್ಕೆ 25 ಡಿಗ್ರಿ ಮೇಲೆ. ಲಂಡನ್ನಿನವರಿಗೆ ಅವನು ಕಾಣೋದೇ ಇಲ್ಲ." ಕಾವೇರಿ ಹುಟ್ಟಿದ ನಾಡಿನಲ್ಲಿ ಅಗಸ್ತ್ಯ ಯಾರು ಅಂತ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಕ್ಲಾಸಿಗೆ ಸಣ್ಣ ಹೆಮ್ಮೆಯೇ ಬಂತು.

ಅವತ್ತು ರಾತ್ರಿ ಒಂದು ಬಾಟಲಿ ವೈಟ್ನರ್ ಖರ್ಚು ಮಾಡಿ ನನ್ನ ಕೊಡೆಯೊಳಗೆ ಆಕಾಶ ಮಾಡಿಕೊಂಡೆ. ಸಪ್ತರ್ಷಿ, ಕುಂತಿ, ಅಭಿಜಿತ್, ಸ್ವಾತಿ, ಅಂಚಿನ ಹತ್ತಿರ ರೋಹಿಣಿ. ಕಾಲೇಜಿಗೆ ಹೋಗುವಾಗ ಬರುವಾಗ ತಲೆ ಎತ್ತಿ ಓದುವುದು, ಕೆಸರಲ್ಲಿ ಕಾಲಿಡುವುದು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಆಂಟಿ ನೋಡಿಯೇ ನೋಡಿದರು. "ಪಾಪ, ಇಷ್ಟೊಂದು ತೂತಾ? ಹೊಸದು ತಗೊಳ್ಬಾರದಾ ಮಗಾ?" ಅಂದರು. ನಕ್ಷತ್ರ ಅಂತ ಹೇಳಿದ್ದರೆ ಇನ್ನೂ ಪಾಪ ಅನ್ನುತ್ತಿದ್ದರೇನೋ.

ಪಾಠಗಳಲ್ಲೆಲ್ಲ ಚೆನ್ನಾಗಿದ್ದದ್ದು ಕಕ್ಕಬ್ಬೆ ಎಬ್ಬಿಸಿದ ಜಗಳ. ಸೂರ್ಯ ಸೆಪ್ಟೆಂಬರ್ 23ರ ಸುಮಾರಿಗೆ ವಿಷುವದ್‌ವೃತ್ತ, ಅಂದರೆ ಆಕಾಶದ ಭೂಮಧ್ಯರೇಖೆ, ದಾಟುತ್ತಾನೆ, ಆ ಬಿಂದುವಿಗೆ ತುಲಾ ರಾಶಿಯ ಆರಂಭ ಅಂತ ಹೆಸರು, ಅಂತ ಪುಸ್ತಕ ಹೇಳುತ್ತದೆ. ಕಕ್ಕಬ್ಬೆ ಎದ್ದು ನಿಂತ. "ತಲಕಾವೇರಿಯಲ್ಲಿ ತುಲಾ ಸಂಕ್ರಮಣ ಅಕ್ಟೋಬರ್ 17ಕ್ಕೆ ಸರ್. ಪುಸ್ತಕ ತಪ್ಪಾ, ನಮ್ಮ ತೀರ್ಥೋದ್ಭವ ತಪ್ಪಾ?" ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ. ಅವತ್ತಿನ ಪಾಠ ಅಲ್ಲಿಗೇ ಬಿಟ್ಟು ಮತ್ತೆ ಕೊಡೆ ತಂದರು. ಈ ಸಲ ಕೋಲಿನ ತುದಿಯನ್ನು ಹಿಡಿದು, ನಿಲ್ಲಲು ಬಂದ ಬುಗುರಿಯ ಹಾಗೆ ಓಲಾಡಿಸಿದರು. ಮೊನೆ ಚಾವಣಿಯ ಕಡೆಗೆ ಒಂದು ವೃತ್ತ ಬರೆಯಿತು. ಭೂಮಿಯ ಅಕ್ಷವೂ ಹೀಗೇ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಆ ಬಿಂದು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ನಮ್ಮ ಪಂಚಾಂಗ ನಕ್ಷತ್ರವನ್ನು ಹಿಡಿದುಕೊಂಡಿದೆ, ಪುಸ್ತಕ ಬಿಂದುವನ್ನು ಹಿಡಿದುಕೊಂಡಿದೆ. ಈಗ ಎರಡಕ್ಕೂ ಸುಮಾರು 24 ಡಿಗ್ರಿ ಅಂತರ. 24ನ್ನು 72ರಿಂದ ಗುಣಿಸಿ ನೋಡಿ ಅಂದರು. 1,728. ಅಂದರೆ ಹತ್ತಿರ ಹತ್ತಿರ 1,700 ವರ್ಷಗಳ ಹಿಂದೆ ಇಬ್ಬರ ತುಲಾ ಸಂಕ್ರಮಣವೂ ಒಂದೇ ದಿನ. ಕಕ್ಕಬ್ಬೆ ಗೆದ್ದವನ ಹಾಗೆ ಕೂತ. ನಿಜವಾಗಿ ಅವನು ಗೆದ್ದಿರಲಿಲ್ಲ, ಸೋತೂ ಇರಲಿಲ್ಲ.

ಉಳಿದದ್ದು ಬಾಯಿಪಾಠ. ಕೆಪ್ಲರನ ಮೂರನೇ ನಿಯಮಕ್ಕೆ ಆ ತಿಂಗಳೇ ಉದಾಹರಣೆ ಸಿಕ್ಕಿತ್ತು. ಗುರು ಗ್ರಹ ತುಲಾ ರಾಶಿಗೆ ಬಂದು ಕಾವೇರಿ ಪುಷ್ಕರ ನಡೆಯುತ್ತಿತ್ತು. ಸೂರ್ಯನಿಂದ ಗುರುವಿನ ದೂರ ಭೂಮಿಯ 5.2 ಪಟ್ಟು. ಅದರ ಘನ ಮಾಡಿ ವರ್ಗಮೂಲ ತೆಗೆದರೆ ಗುರುವಿನ ಒಂದು ಸುತ್ತಿಗೆ 11.86 ವರ್ಷ. ಪುಷ್ಕರ 12 ವರ್ಷಕ್ಕೊಮ್ಮೆ ಬರುವುದು ಅದಕ್ಕೇ. ನಕ್ಷತ್ರಗಳನ್ನು ಬಿಸಿಯಿಂದ ತಂಪಿಗೆ ಜೋಡಿಸುವ ಓ, ಬಿ, ಎ, ಎಫ್, ಜಿ, ಕೆ, ಎಂ ಸಾಲಿಗೆ ಕಕ್ಕಬ್ಬೆ ಒಂದು ಮಂತ್ರ ಕಟ್ಟಿದ್ದ: "ಓ ಬಾ ಅಪ್ಪಯ್ಯಾ, ಫುಲ್ ಗ್ಲಾಸ್ ಕಾಫಿ ಮಾಡು." ಸೂರ್ಯ ಗ್ಲಾಸು, ರೋಹಿಣಿ ಕಾಫಿ. ಇವತ್ತಿಗೂ ಮರೆತಿಲ್ಲ.

ಟೆಸ್ಟಿಗೆ ಮೂರು ದಿನ ಇರುವಾಗ ಒಂದು ಹೋಟೆಲಿನ ಬಾಗಿಲಲ್ಲಿ ನನ್ನ ಕೊಡೆ ಬದಲಾಯಿತು. ಮಡಿಕೇರಿಯಲ್ಲಿ ಮಳೆಗಾಲದ ಕೊಡೆ ಯಾರ ಸ್ವಂತದ್ದೂ ಅಲ್ಲ ಬಿಡಿ. ನನ್ನ ಪಾಲಿಗೆ ಬಂದದ್ದರಲ್ಲಿ ಒಂದು ಕಡ್ಡಿ ಮುರಿದಿತ್ತು. ಆಕಾಶದಲ್ಲಿ 3 ಗಂಟೆ ಖೋತಾ.

ಟೆಸ್ಟಿನ ಹಿಂದಿನ ರಾತ್ರಿ ಕರೆಂಟೂ ಇಲ್ಲ. ಮೇಣದ ಬತ್ತಿಯಲ್ಲಿ ಓದಿದೆವು, ಅಂದರೆ ಅವನು ಓದಿದ, ನಾನು ನಿದ್ದೆ ಮಾಡಿದೆ. ಬೆಳಿಗ್ಗೆ ಮೊದಲ ಪ್ರಶ್ನೆಯೇ ಮಡಿಕೇರಿಯಲ್ಲಿ ಧ್ರುವ ನಕ್ಷತ್ರದ ಎತ್ತರ ಎಷ್ಟು ಅಂತ. ಯಾಕೋ 90ರಿಂದ ಕಳೆಯಬೇಕು ಅನ್ನಿಸಿತು. ಕಳೆದೆ. ಎಪ್ಪತ್ತೇಳೂವರೆ ಡಿಗ್ರಿ ಅಂತ ಬರೆದು ಅಡಿಗೆರೆ ಬೇರೆ ಎಳೆದೆ. ಪೇಪರ್ ಕೊಡುವಾಗ ಸರ್ ಬೈಯಲಿಲ್ಲ. "ನೀನು ಸೈಬೀರಿಯಾದ ಉತ್ತರ ತುದಿಯಲ್ಲಿ ಎಲ್ಲೋ ಕೂತು ಬರೆದಿದ್ದೀಯ" ಅಂದರು, ಅಷ್ಟೇ. ಆಮೇಲೆ ಕೈ ಚಾಚಿ ತೋರಿಸಿದರು. ಚಾಚಿದ ಕೈಯ ಮುಷ್ಟಿ 10 ಡಿಗ್ರಿ, ಹೆಬ್ಬೆರಳಿನ ಅಗಲ 2 ಡಿಗ್ರಿ. "ಒಂದು ಮುಷ್ಟಿ, ಒಂದು ಹೆಬ್ಬೆರಳು. ನಿನ್ನ ಧ್ರುವ ಅಲ್ಲಿದೆ. ಮಳೆ ಬಿಟ್ಟ ಮೇಲೆ ನೋಡು."

ಮಳೆ ಬಿಟ್ಟಿತು. ಹುತ್ತರಿಗೆ ಕಕ್ಕಬ್ಬೆ ಅವನ ಮನೆಗೆ ಕರೆದ. ಕದಿರು ತೆಗೆಯುವ ಹೊತ್ತನ್ನು ಗೊತ್ತು ಮಾಡುವುದು ಅವರ ಊರಿನ ಇಗ್ಗುತ್ತಪ್ಪ ದೇವಸ್ಥಾನದಲ್ಲೇ. ರೋಹಿಣಿ ನಕ್ಷತ್ರ, ಹುಣ್ಣಿಮೆ. ಗದ್ದೆಯಲ್ಲಿ ಕೋವಿ ಹಾರಿತು, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗಿದರು. ನಾನೂ ಕೂಗಿದೆ. ವಾಪಸ್ ಬರುವಾಗ ಅವನ ಅಜ್ಜ ಪೂರ್ವದ ಕಡೆ ಕೈ ಮಾಡಿದರು. "ಅದೇ ನೋಡು ರೋಹಿಣಿ, ಚಂದ್ರನ ಮಗ್ಗುಲಲ್ಲಿ." ಬೆಳಕು ಜಾಸ್ತಿ ಇತ್ತು. ಕಿರುಬೆರಳಲ್ಲಿ ಚಂದ್ರನನ್ನು ಮುಚ್ಚಿ ನೋಡಿದೆ. ಕಾಫಿಯೇನಲ್ಲ, ಕಿತ್ತಳೆ. ನಮ್ಮ ತೋಟದ ಕಿತ್ತಳೆಯ ಬಣ್ಣವೇ. ಕೊಡೆಯಲ್ಲಿ ಬೆಳ್ಳಗೆ ಇಟ್ಟಿದ್ದೆನಲ್ಲ ಅಂತ ನಾಚಿಕೆಯಾಯಿತು.

ಊಟ ಆದ ಮೇಲೆ ಇಬ್ಬರೂ ಕಣಕ್ಕೆ ಬಂದೆವು. ಉತ್ತರಕ್ಕೆ ತಿರುಗಿ ಕೈ ಚಾಚಿದೆ. ಒಂದು ಮುಷ್ಟಿ, ಮೇಲೊಂದು ಹೆಬ್ಬೆರಳು. ಸರಿಯಾಗಿ ಅಲ್ಲಿ ಮನೆಯ ಹಿಂದಿನ ಗುಡ್ಡ ಇತ್ತು. ಪಕ್ಕಕ್ಕೆ ಸರಿದು ನೋಡಿದೆ, ಕಣದ ಕಟ್ಟೆ ಹತ್ತಿ ನೋಡಿದೆ. ಗುಡ್ಡವೇ.

ಒಳಗಿನಿಂದ ಅಜ್ಜ ಕೇಳಿದರು. "ಏನು ಹುಡುಕ್ತಾ ಇದ್ದೀರಿ ಅಲ್ಲಿ?"

"ಧ್ರುವ ನಕ್ಷತ್ರ ಅಜ್ಜ."

"ಅದು ಇಲ್ಲಿಂದ ಕಾಣೋದಿಲ್ಲ. ಮೇಲಿನ ತೋಟಕ್ಕೆ ಹೋಗ್ಬೇಕು. ಈಗ ಹೋಗ್ಬೇಡಿ, ಆನೆ ಬಂದಿದೆ."