ಸೇವ್ ಮಾಡಿ ಅಂದಿದ್ದು ನಾನೇ

ಶನಿವಾರ ಬೆಳಿಗ್ಗೆ 8 ಗಂಟೆ. ಮೇಡಂ ಒಬ್ಬರ ಫೋನ್. "ಸರ್, ಫೈಲ್ ಓಪನ್ನೇ ಆಗ್ತಿಲ್ಲ. ಮಕ್ಕಳೆಲ್ಲ ಸ್ಪೀಕರ್ ಮುಂದೆ ಕೂತಿದ್ದಾರೆ."

ಶಾಲೆಯ ಟೀಚರ್ ಅವರು. ಹಿಂದಿನ ದಿನವಷ್ಟೇ ನಮ್ಮ ಶಿಕ್ಷಕರ ತರಬೇತಿಯಲ್ಲಿ ಪಾಡ್‌ಕಾಸ್ಟ್ ಮಾಡೋದು ಕಲಿತು ಹೋಗಿದ್ದರು. ಐದನೇ ತರಗತಿಗೆ ಊರಿನ ಕೆರೆಯ ಬಗ್ಗೆ 11 ನಿಮಿಷದ ಸಂಚಿಕೆ. ಸುಮ್ನೆ ಪಾಠ ಓದಿದ್ದಲ್ಲ. ಊರಿನ ಅಜ್ಜಿಯೊಬ್ಬರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದರು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ, ಕೆಮ್ಮು, ಕೋಳಿ ಕೂಗು ಎಲ್ಲ ಕತ್ತರಿಸಿ, ತರಬೇತಿಯ ಗೂಗಲ್ ಡ್ರೈವ್‌ಗೆ ಏರಿಸಿದ್ದರು.

ಡ್ರೈವ್ ಅಂದಮೇಲೆ ಪರ್ಮಿಶನ್ ತೊಂದರೆಯೇ ಇರಬೇಕು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಪರದೆ ಮೇಲೆ ಏನು ಕಾಣ್ತಿದೆ ಅಂತ ಕೇಳಲೇ ಇಲ್ಲ. ರಿಸ್ಟ್ರಿಕ್ಟೆಡ್, ಅಂದ್ರೆ ಆಯ್ದವರಿಗೆ ಮಾತ್ರ ಅಂತ ಇದ್ದಿದ್ದನ್ನು ಎನಿವನ್ ವಿತ್ ದ ಲಿಂಕ್, ಅಂದ್ರೆ ಲಿಂಕ್ ಇರೋರೆಲ್ಲ ತೆರೆಯೋ ಹಾಗೆ ಮಾಡಿದೆ. ಆಗಲಿಲ್ಲ. ಹೊಸ ಲಿಂಕ್ ಕಳಿಸಿದೆ. ಆಗಲಿಲ್ಲ. ಬೇರೆ ಬ್ರೌಸರ್‌ನಲ್ಲಿ ನೋಡಿ ಅಂದೆ. ಫೋನಿನಲ್ಲಿ ಮಕ್ಕಳ ಗಲಾಟೆ ಜಾಸ್ತಿ ಆಗುತ್ತಾ ಬಂತು. ಹಿಂದಿನಿಂದ ಯಾರೋ ವಯಸ್ಸಾದವರ ದನಿ, "ಯಾವಾಗ ಬರ್ತದವ್ವ ನನ್ನ ಮಾತು?" ಕೇಳಲು ಅಜ್ಜಿಯೂ ಬಂದು ಕೂತಿದ್ದರು.

20 ನಿಮಿಷ ಕಳೆದ ಮೇಲೆ ಸ್ಕ್ರೀನ್‌ಶಾಟ್ ಕೇಳಿದೆ. ಫೈಲ್ ಹೆಸರಿನ ಕೊನೆಗೆ ಎಯುಪಿ3 ಅಂತಿತ್ತು. ಹೊಟ್ಟೆ ಕಲಸಿದ ಹಾಗಾಯಿತು. ಅದು ಆಡಾಸಿಟಿಯ ಪ್ರಾಜೆಕ್ಟ್ ಫೈಲ್. ಆಡಾಸಿಟಿಯಲ್ಲಿ ಅದೇ ಕೆಲಸ ಮುಂದುವರಿಸುವುದಕ್ಕೆ ಮಾತ್ರ. ಫೋನಿನಲ್ಲಿ ಹಾಡುವಂಥದ್ದಲ್ಲ. ಅದರ ಗಾತ್ರ 120 ಎಂಬಿ ಹತ್ತಿರ. 11 ನಿಮಿಷದ ಮಾತು, ಮೊನೊ, 64 ಕೆಬಿಪಿಎಸ್ ಎಂಪಿ3 ಆದರೆ 5 ಎಂಬಿ ಚಿಲ್ಲರೆ. ಗಾತ್ರ ನೋಡಿದ್ದರೂ ನನಗೆ ಗೊತ್ತಾಗಬೇಕಿತ್ತು, ಅಲ್ವಾ?

ಹಿಂದಿನ ಸಂಜೆ "ಕೊನೆಗೆ ಸೇವ್ ಮಾಡೋದು ಮರೀಬೇಡಿ" ಅಂತ ಎರಡು ಸಲ ಹೇಳಿದ್ದು ನಾನೇ. ಎಕ್ಸ್‌ಪೋರ್ಟ್, ಅಂದ್ರೆ ಎಲ್ಲ ಕಡೆ ಕೇಳೋ ಎಂಪಿ3 ಥರದ ಫೈಲ್ ಮಾಡೋದು, ಅನ್ನೋ ಮಾತೇ ಬಂದಿರಲಿಲ್ಲ. ಮೇಡಂ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು. ಆಡಿಯೋಗೆ ಕೊಟ್ಟಿದ್ದೇ ಒಂದು ಪೀರಿಯಡ್. ಅದರಲ್ಲೂ ಹಾಜರಿ, ಗ್ರೂಪ್ ಫೋಟೋ, ಫೀಡ್‌ಬ್ಯಾಕ್ ಫಾರಂ. ಆ ಫಾರಂನಲ್ಲಿ ಊಟ ಹೇಗಿತ್ತು ಅಂತ ಕೇಳ್ತಾರೆ, ಮಾಡಿದ ಫೈಲ್ ನಿಮ್ಮ ಫೋನಿನಲ್ಲಿ ಓಪನ್ ಆಯಿತಾ ಅಂತ ಕೇಳೋದಿಲ್ಲ. ಇದನ್ನು ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ.

ಈಗ ನಮ್ಮಲ್ಲಿ ಎಂಪಿ3 ಮಾಡಿ, ಪಕ್ಕದಲ್ಲಿ ಕೂತವರ ಫೋನಿಗೆ ಲಿಂಕ್ ಕಳಿಸಿ, ಅಲ್ಲಿ ಮೊದಲ ನಿಮಿಷ, ಕೊನೆಯ ನಿಮಿಷ ಕೇಳಿಸಿದ ಮೇಲೇ ಲ್ಯಾಪ್‌ಟಾಪ್ ಮುಚ್ಚೋದು. ಯುಎಸ್‌ಬಿ ಮೈಕ್ ಇದ್ದರೆ ಶುರುವಿಗೇ ಅದನ್ನು ಉಗುರಿನಿಂದ ಕೆರೆದು ಪರದೆಯ ಸದ್ದಿನ ಮೀಟರ್ ಏರುತ್ತಾ ಅಂತ ನೋಡ್ತೇವೆ. ಆಡಾಸಿಟಿ ತೆರೆದ ಮೇಲೆ ಮೈಕ್ ಚುಚ್ಚಿದರೆ ಅದು ಪಟ್ಟಿಗೇ ಬರದೆ, ಲ್ಯಾಪ್‌ಟಾಪ್‌ನ ಮೈಕೇ ಫ್ಯಾನ್ ಸದ್ದನ್ನೆಲ್ಲ ಎಳೆದುಕೊಂಡಿರುತ್ತದೆ. ರೀಸ್ಕ್ಯಾನ್ ಕೊಟ್ಟು ಮೈಕ್‌ಗಳನ್ನು ಮತ್ತೆ ಹುಡುಕಿಸಬೇಕು.

ಅವತ್ತು ನಾನು ಫೈಲ್ ಇಳಿಸಿಕೊಂಡು, ಎಂಪಿ3 ಮಾಡಿ ಕಳಿಸುವಷ್ಟರಲ್ಲಿ ಪೀರಿಯಡ್ ಮುಗಿದಿತ್ತು. ಮಕ್ಕಳಿಗೆ ಸೋಮವಾರ ಕೇಳಿಸಿದರು. ಅಜ್ಜಿ ಸೋಮವಾರ ಕೂಲಿಗೆ ಹೋಗಿದ್ದರಂತೆ.