ತಟ್ಟೆ ತೊಳೆಯುವ ಸಾಲಿನಲ್ಲಿ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಿಸ್ತನ್ನು ಬಾಯಿಮಾತಿನಲ್ಲೇ ಕಲಿಸಲು ಹೋಗಿ ನಾನು ಹಲವು ವರ್ಷ ಗಂಟಲು ಹರಿದುಕೊಂಡದ್ದುಂಟು. ಅದು ಕೈಗೂಡಿದ್ದು ಬಿಸಿಯೂಟದ ಜಗಲಿಯಲ್ಲಿ. 2002ರಲ್ಲಿ ಅಕ್ಷರ ದಾಸೋಹ ಆರಂಭವಾದದ್ದು ಮಕ್ಕಳ ಹಸಿವು ನೀಗಲೆಂದು, 2013ರಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಸೇರಿತು. ಆದರೆ ಸರದಿ ಕಾಯುವುದನ್ನು, ಪಕ್ಕದವರ ತಟ್ಟೆಯತ್ತ ಗಮನ ಕೊಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪೀರಿಯಡ್ ನಮ್ಮ ವೇಳಾಪಟ್ಟಿಯಲ್ಲಿ ಇಲ್ಲ.

ಮೊದಮೊದಲು ಅನ್ನ ಚೆಲ್ಲಿದವರನ್ನು ಗದರಿಸುತ್ತಿದ್ದೆ. ಮಕ್ಕಳು ಅದರಿಂದ ಕಲಿತದ್ದು ನನ್ನ ಕಣ್ಣು ತಪ್ಪಿಸಿ ಚೆಲ್ಲುವುದನ್ನು ಮಾತ್ರ. ಒಂದು ದಿನ, ಎಲ್ಲರಿಗಿಂತ ಹೆಚ್ಚು ಚೆಲ್ಲುತ್ತಿದ್ದ ಐದನೇ ತರಗತಿಯ ಹುಡುಗನ ಕೈಗೇ ಪಲ್ಯದ ಸೌಟು ಕೊಟ್ಟೆ. "ಸಾಕಾ, ಇನ್ನೂ ಸ್ವಲ್ಪ ಹಾಕಲಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಾ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು, ಕೊನೆಯ ನಾಲ್ವರಿಗೆ ಅವನು ಅರ್ಧರ್ಧ ಸೌಟು ಹಂಚಿ, ತನಗೆ ಬರೀ ಸಾರನ್ನು ಹಾಕಿಸಿಕೊಂಡ.

ನಾನು ಕಲಿಯಬೇಕಾದದ್ದೂ ಬಾಕಿ ಇತ್ತು ಎನ್ನಿ. "ಮಿಸ್, ನಿಮ್ಮ ತಟ್ಟೆ ಯಾರು ತೊಳೀತಾರೆ?" ಎಂದು ಪುಟ್ಟ ಹುಡುಗಿಯೊಬ್ಬಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ನಲ್ಲಿಯ ಮುಂದಿನ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ನಡುವೆ ನುಗ್ಗಿದರೆ ಒಂದನೇ ತರಗತಿಯವರೂ ಬಿಡುವುದಿಲ್ಲ.